ಪತ್ರಾ ಮೇಲಿನ ಕಲ್ಲು ಇಳಿಸೋಣ: ಕಲ್ಯಾಣ ಕರ್ನಾಟಕದ ಏಳು ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ನಮ್ಮ ಗ್ರಾಮ ಪಂಚಾಯಿತಿಗಳ ಅಧ್ಯಕ್ಷರಿಗೆ, ಸದಸ್ಯರಿಗೆ, ಪಿಡಿಒಗಳಿಗೆ ನಮಸ್ಕಾರಗಳು.

ಶರಣಬಸವೇಶ್ವರರ ಜಾತ್ರೆ ಮುಗಿದಿದೆ. ಬಿಸಿಲು ಏರುತ್ತಿದೆ. ಇನ್ನು ಸ್ವಲ್ಪ ದಿನಕ್ಕೆ ಅಶ್ವಿನಿ, ಅದರ ಹಿಂದೆಯೇ ಭರಣಿ, ಕೃತ್ತಿಕಾ, ರೋಹಿಣಿ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತಾರೆ ಹಿರಿಯರು. ಹೊಲ ಇದ್ದವರು ಆ ಮಳೆಗೆ ಕಾಯುತ್ತಾರೆ. ಪತ್ರಾ ಮನೆಯವರು, ಅಂದರೆ ತಗಡು ಹೊದಿಸಿದ ಮನೆಯವರು, ಹೆದರುತ್ತಾರೆ. ಆ ಮಳೆಗಿಂತ ಮೊದಲು ಗಾಳಿ ಬರುತ್ತದಲ್ಲ, ಅದಕ್ಕೆ.

ನಾನು ಕಲಬುರಗಿ ಜಿಲ್ಲೆಯ ಒಂದು ಹಳ್ಳಿಯವನು. ವೆಲ್ಡಿಂಗ್ ಕೆಲಸ ನನ್ನ ಕಸುಬು. ಗೇಟು, ಗ್ರಿಲ್ಲು, ದನದ ಕೊಟ್ಟಿಗೆ, ಪತ್ರಾ ಶೆಡ್ಡು ಮಾಡಿಕೊಡುತ್ತೇನೆ. ಈ ಕೆಲಸಕ್ಕೆ ಇಳಿದು ಹದಿನೆಂಟು ವರ್ಷವಾಯಿತು. ಸುತ್ತಮುತ್ತಲಿನ ಊರುಗಳಲ್ಲಿ ನಾನು ಹೊಡೆದ ಪತ್ರಾಗಳ ಕೆಳಗೆ ಎಷ್ಟೋ ಸಂಸಾರಗಳು ಮಲಗುತ್ತವೆ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಬೇಸಿಗೆಯಲ್ಲಿ ನೀವು ಯಾವ ಹಳ್ಳಿಗೆ ಬಂದರೂ ಒಮ್ಮೆ ತಲೆ ಎತ್ತಿ ನೋಡಿ. ಪತ್ರಾ ಮನೆಗಳ ಮೇಲೆ ಸಾಲಾಗಿ ಕಲ್ಲು ಹೇರಿರುತ್ತಾರೆ. ನಮ್ಮ ಕಡೆ ಶಹಾಬಾದ್ ಕಲ್ಲು ಬೇಕಾದಷ್ಟು ಸಿಗುತ್ತದೆ. ಹಾಗಾಗಿ ಒಡೆದ ಫರಸಿ (ನೆಲಕ್ಕೆ ಹಾಸುವ ಕಲ್ಲು) ತುಂಡುಗಳೇ ಜಾಸ್ತಿ. ಬೇರೆ ಕಡೆ ಗುಂಡುಕಲ್ಲು, ಹಳೆಯ ಟೈರು, ಒಡೆದ ಬೀಸುಕಲ್ಲು. ಗಾಳಿಗೆ ಪತ್ರಾ ಹಾರಬಾರದು ಅಂತ ಇಡುವ ಕಲ್ಲು ಅದು. ಪ್ರತಿ ವರ್ಷ ಏಪ್ರಿಲ್, ಮೇ ತಿಂಗಳಲ್ಲಿ ಪತ್ರಿಕೆ ತೆರೆದರೆ ಎಲ್ಲೋ ಒಂದು ಊರಿನ ಸುದ್ದಿ ಇದ್ದೇ ಇರುತ್ತದೆ. ಗಾಳಿಗೆ ತಗಡು ಹಾರಿತು, ಮೇಲಿದ್ದ ಕಲ್ಲು ಒಳಗೆ ಬಿತ್ತು, ಮಲಗಿದ್ದವರ ಜೀವ ಹೋಯಿತು. ಆ ಸುದ್ದಿಯಲ್ಲಿ ಪ್ರಾಣ ತೆಗೆದದ್ದು ಗಾಳಿಯಲ್ಲ, ಪತ್ರಾವೂ ಅಲ್ಲ. ನಾವೇ ಕೈಯಾರೆ ಮೇಲೆ ಏರಿಸಿ ಇಟ್ಟ ಕಲ್ಲು.

ನಮ್ಮ ಓಣಿಯಲ್ಲಿ ಒಬ್ಬ ಮುದುಕಿ ಇದ್ದಾರೆ. ಎಲ್ಲರೂ ಆಯಿ ಅಂತಲೇ ಕರೆಯುತ್ತೇವೆ. ಮೊಮ್ಮಗನ ಜೊತೆ ಇರುತ್ತಾರೆ. ಮಗ, ಸೊಸೆ ದುಡಿಯಲಿಕ್ಕೆ ಪುಣೆಗೆ ಹೋಗಿದ್ದಾರೆ. 2016ರಲ್ಲಿ ಅವರ ಹಳೆಯ ಮೇಲ್ಮುದ್ದೆ (ಮಣ್ಣಿನ ಮಾಳಿಗೆಯ) ಮನೆ ಮಳೆಗೆ ಕುಸಿಯಿತು. ಕಲ್ಲಿನ ಗೋಡೆ ಮಾತ್ರ ಉಳಿಯಿತು. ಅದರ ಮೇಲೆ ಪೈಪು ಇಟ್ಟು ಏಳು ಪತ್ರಾ ಹೊಡೆದುಕೊಟ್ಟವನು ನಾನು. ಸ್ಕ್ರೂ ಇನ್ನೊಂದಿಷ್ಟು ಹಾಕೋಣ ಅಂದಾಗ ಆಯಿ, "ಕಲ್ಲ ಇಟ್ರ ಸಾಕು ಬಿಡೋ ಯಪ್ಪಾ, ಸುಮ್ನೆ ಯಾಕ ರೊಕ್ಕ ಹಾಕ್ತಿ" ಅಂದರು. ನಾನೂ ಹೂಂ ಅಂದೆ. ಬಿಸಿಲಿಗೆ ಅಂತ ಮುಂದೆ ಮೂರು ಅಡಿ ಪತ್ರಾ ಚಾಚಿ ಬಿಟ್ಟೆ. ಆಯಿ ಅಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದರು.

2022ರ ಮೇ ತಿಂಗಳು, ಭರಣಿ ಮಳೆಯ ದಿನಗಳು. ಮಧ್ಯಾಹ್ನವೆಲ್ಲ ಉಸಿರು ಕಟ್ಟುವ ಸೆಕೆ. ಸಂಜೆ ಪಡುವಣದ ಕಡೆ ಕಪ್ಪಾಯಿತು. ಊರ ಹೊರಗೆ ಧೂಳು ಗೋಡೆಯ ಹಾಗೆ ಎದ್ದು ಬಂತು. ಆಯಿ ಮಲಗಿದ್ದವರು ಎದ್ದು, ಕುಳ್ಳು (ಬೆರಣಿ) ನೆನೆಯುತ್ತವೆ ಅಂತ ಮೊಮ್ಮಗನನ್ನು ಕರೆದುಕೊಂಡು ಹಿತ್ತಲಿಗೆ ಹೋದರು. ಅಷ್ಟರಲ್ಲೇ ಮುಂದಿನ ಪತ್ರಾ ಎದ್ದಿತು. ಒಂದರ ಹಿಂದೆ ಒಂದು ಐದು ಪತ್ರಾ ಹೋದವು. ಹತ್ತು ನಿಮಿಷ ಕೂಡ ಇರಲಿಲ್ಲ ಆ ಗಾಳಿ.

ಗಾಳಿ ನಿಂತ ಮೇಲೆ ನಾನು ಒಳಗೆ ಹೋದೆ. ಮೇಲೆ ಆಕಾಶ ಕಾಣುತ್ತಿತ್ತು. ಕೌದಿ ಹಾಸಿದ ಹಾಗೇ ಇತ್ತು. ದಿಂಬಿನ ಮೇಲೆ ಒಂದು ಫರಸಿ ತುಂಡು ಕೂತಿತ್ತು, ಹನ್ನೆರಡು ಹದಿಮೂರು ಕೆಜಿ ಆದೀತು. ದಿಂಬು ಒಡೆದು ಹತ್ತಿ ಹೊರಗೆ ಬಂದಿತ್ತು. ಆಯಿ ನನ್ನ ಹಿಂದೆ ನಿಂತು ಅದನ್ನೇ ನೋಡುತ್ತಿದ್ದರು. ಏನೂ ಮಾತಾಡಲಿಲ್ಲ. ಮೊಮ್ಮಗನ ಕೈ ಬಿಟ್ಟಿರಲಿಲ್ಲ.

ಮರುದಿನ ಬೆಳಿಗ್ಗೆ ಹಾರಿದ ಪತ್ರಾ ಹುಡುಕಲು ಹೋದೆ. ಒಂದು ಬೇವಿನ ಮರಕ್ಕೆ ಸುತ್ತಿಕೊಂಡಿತ್ತು. ಉಳಿದವು ತೊಗರಿ ಕೊಯ್ದ ಹೊಲದಲ್ಲಿ ಬಿದ್ದಿದ್ದವು. ತಿರುಗಿಸಿ ತೂತುಗಳನ್ನು ನೋಡಿದೆ. ಸ್ಕ್ರೂ ಕಿತ್ತು ಬಂದಿರಲಿಲ್ಲ, ಪೈಪಿನಲ್ಲೇ ಗಟ್ಟಿಯಾಗಿ ನಿಂತಿತ್ತು. ಪತ್ರಾವೇ ಸ್ಕ್ರೂವಿನ ತಲೆಯಿಂದ ಹರಿದುಕೊಂಡು ಮೇಲೆದ್ದಿತ್ತು. ಕಪ್ಪು ರಬ್ಬರ್ ವಾಷರ್ ಬಿಸಿಲಿಗೆ ಒಣಗಿ ಪುಡಿಯಾಗಿತ್ತು. ಏಳು ಪತ್ರಾಕ್ಕೆ ನಾನು ಹಾಕಿದ್ದ ಸ್ಕ್ರೂ ಎಣಿಸಿದೆ. ಹದಿನಾರು. ಒಂದು ಪತ್ರಾಕ್ಕೆ ಎರಡರ ಮೇಲೆ ಸ್ವಲ್ಪ.

ನಾನು ತಿಳಿಯದೆ ಮಾಡಿದ ತಪ್ಪು ಅಂತ ಹೇಳಿ ಬಿಡಬಹುದಿತ್ತು. 2016ರಲ್ಲಿ ನಿಜವಾಗಿಯೂ ಗೊತ್ತಿರಲಿಲ್ಲ. ಆದರೆ ಅದಾದ ಮೇಲೆ ಮೂರು ವರ್ಷ ನಾನು ಮಂಗಳೂರಿನ ಕಡೆ ಫ್ಯಾಬ್ರಿಕೇಶನ್ ಕೆಲಸಕ್ಕೆ ಹೋಗಿದ್ದೆ. ನಮ್ಮ ಕಡೆಯವರು ಎಷ್ಟೋ ಜನ ಅಲ್ಲಿ ದುಡಿಯುತ್ತಾರೆ. ಅಲ್ಲಿ ಕಲಿತೆ. ಊರಿಗೆ ಬಂದೆ. ಕಲಿತು ಬಂದ ಮೇಲೂ ನಾನೇ ಹೊಡೆದ ಹಳೆಯ ಪತ್ರಾಗಳನ್ನು ಒಮ್ಮೆ ಹತ್ತಿ ನೋಡಬೇಕು ಅನ್ನಿಸಲಿಲ್ಲ. ಈಗ ಅದೇ ನನ್ನನ್ನು ಕಾಡುತ್ತದೆ.

ಮಂಗಳೂರಿನಲ್ಲಿ ಇದ್ದಾಗಲೇ 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂತು. ಅದು ಅರಬ್ಬಿ ಸಮುದ್ರದಲ್ಲೇ ಉತ್ತರಕ್ಕೆ ಸಾಗಿ 17ರಂದು ಗುಜರಾತಿಗೆ ಬಡಿಯಿತು. ನಮ್ಮ ಕರಾವಳಿಗೆ ಅದರ ಪೆಟ್ಟು ಬಿದ್ದದ್ದು ಅದಕ್ಕಿಂತ ಒಂದೆರಡು ದಿನ ಮೊದಲು. ಗಾಳಿ ಬರುವ ಮುಂಚೆ ನಮ್ಮನ್ನು ಶೆಡ್ಡಿನ ಮೇಲೆ ಹತ್ತಿಸಿ, ಅಂಚಿನ ಒಂದೊಂದು ಬೋಲ್ಟನ್ನೂ ಬಿಗಿ ಮಾಡಿಸಿದರು. "ನಡುವೆ ಒಂದು ಬಿಟ್ಟರೂ ನಡೆದೀತು, ಅಂಚಿನಲ್ಲಿ ಒಂದೂ ಬಿಡಬೇಡಿ" ಅಂತ ಅಲ್ಲಿನ ಎಂಜಿನಿಯರ್ ಹೇಳಿದರು. ಯಾಕೆ ಸಾರ್ ಅಂತ ಕೇಳಿದೆ. ಅವರು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದರು. ಅವತ್ತು ನನಗೆ ತಿಳಿದದ್ದನ್ನು ಇಲ್ಲಿ ನನ್ನ ಮಾತಿನಲ್ಲಿ ಹೇಳುತ್ತೇನೆ.

ಗಾಳಿ ಪತ್ರಾವನ್ನು ತಳ್ಳಿಕೊಂಡು ಹೋಗುತ್ತದೆ ಅಂತ ನಾವು ಅಂದುಕೊಂಡಿದ್ದೇವೆ. ಹಾಗಲ್ಲ, ಅದು ಎತ್ತುತ್ತದೆ. ಹತ್ತಿ ತುಂಬಿದ ಲಾರಿ ಜೋರಾಗಿ ಓಡುವಾಗ ಮೇಲಿನ ತಾಡಪತ್ರಿ ಹೊಟ್ಟೆಯ ಹಾಗೆ ಉಬ್ಬುತ್ತದೆ ಅಲ್ವಾ, ಅದೇ ಲೆಕ್ಕ. ಗಾಳಿ ಮಾಡಿನ (ಛಾವಣಿಯ) ಮೇಲಿಂದ ವೇಗವಾಗಿ ಹಾಯುವಾಗ ಅಲ್ಲಿ ಒತ್ತಡ ಕಡಿಮೆಯಾಗುತ್ತದೆ. ಪತ್ರಾ ಮೇಲಕ್ಕೆ ಎಳೆದುಕೊಳ್ಳುತ್ತದೆ. ಬಾಗಿಲೋ ಕಿಟಕಿಯೋ ತೆರೆದಿದ್ದರೆ ಒಳಗೆ ನುಗ್ಗಿದ ಗಾಳಿ ಕೆಳಗಿನಿಂದಲೂ ದಬ್ಬುತ್ತದೆ. ಮೇಲಿನ ಎಳೆತ, ಕೆಳಗಿನ ದಬ್ಬು ಎರಡೂ ಸೇರಿದರೆ ಯಾವ ಕಲ್ಲೂ ತಡೆಯುವುದಿಲ್ಲ.

ಹತ್ತು ಅಡಿ ಉದ್ದ, ಮೂರು ಅಡಿ ಅಗಲದ ಒಂದು ಪತ್ರಾ ತೆಗೆದುಕೊಳ್ಳಿ. ಅದರ ಸ್ವಂತ ತೂಕ ಸುಮಾರು 12 ಕೆಜಿ. ಗಂಟೆಗೆ 45 ಕಿ.ಮೀ. ಗಾಳಿ ಬೀಸಿದರೆ ಅದರ ಮೇಲೆ ಬೀಳುವ ಎತ್ತುವ ಬಲ 26 ಕೆಜಿಯಷ್ಟು. ಗಾಳಿಯ ವೇಗ ಎರಡು ಪಟ್ಟಾಗಿ 90 ಆಯಿತು ಅನ್ನಿ. ಬಲ ಎರಡು ಪಟ್ಟಾಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ. ನೂರು ಕೆಜಿ ದಾಟುತ್ತದೆ. ಅಂಚಿನಲ್ಲಿ, ಮೂಲೆಯಲ್ಲಿ ಇನ್ನೂ ಜಾಸ್ತಿ. ನಾವು ಒಂದು ಪತ್ರಾದ ಮೇಲೆ ಮೂರು ಫರಸಿ ಇಟ್ಟರೂ 40 ಕೆಜಿ ಆಗುವುದು ಕಷ್ಟ. ಅಂದರೆ ಕಲ್ಲು ಸಣ್ಣ ಗಾಳಿಗೆ ತಡೆಯುತ್ತದೆ. ನಮಗೆ ಧೈರ್ಯ ಬರುತ್ತದೆ. ದೊಡ್ಡ ಗಾಳಿ ಬಂದ ದಿನ ಅದೇ ಕಲ್ಲು ತಲೆ ಮೇಲೆ ಬೀಳುತ್ತದೆ.

ಇದೆಲ್ಲ ನಾನು ಹುಟ್ಟಿಸಿದ ಮಾತಲ್ಲ. ಕಟ್ಟಡ ಎಷ್ಟು ಗಾಳಿ ತಡೆಯಬೇಕು ಅಂತ ದೇಶಕ್ಕೊಂದು ನಿಯಮವಿದೆ. ಐಎಸ್ 875ರ ಮೂರನೇ ಭಾಗ, 2015ರಲ್ಲಿ ತಿದ್ದಿ ಹೊರತಂದದ್ದು. ಅದರಲ್ಲಿ ಮಂಗಳೂರಿಗೆ ಸೆಕೆಂಡಿಗೆ 39 ಮೀಟರ್, ಬೆಂಗಳೂರಿಗೆ 33 ಮೀಟರ್ ವೇಗ ಹಿಡಿದಿದ್ದಾರೆ. ಇಡೀ ದೇಶದ ಗಾಳಿ ನಕ್ಷೆಯಲ್ಲಿ 33ಕ್ಕಿಂತ ಕೆಳಗಿನ ವಲಯವೇ ಇಲ್ಲ. 33 ಮೀಟರ್ ಅಂದರೆ ಗಂಟೆಗೆ ಹತ್ತಿರ ಹತ್ತಿರ 119 ಕಿ.ಮೀ. ಸಮುದ್ರ ದೂರ ಇದೆ, ನಮಗೆ ಚಂಡಮಾರುತ ಇಲ್ಲ, ನಮಗ್ಯಾಕೆ ಗಾಳಿಯ ಚಿಂತೆ ಅನ್ನುವ ಮಾತಿಗೆ ಆ ನಕ್ಷೆಯಲ್ಲಿ ಜಾಗವಿಲ್ಲ.

ನಮ್ಮ ಕಡೆಯ ಗಾಳಿಯ ಬಗೆಯೇ ಬೇರೆ. ಚಂಡಮಾರುತ ನಾಲ್ಕು ದಿನ ಮೊದಲೇ ಗೊತ್ತಾಗುತ್ತದೆ. ನಮ್ಮ ಅಡ್ಡಮಳೆಯ, ಅಂದರೆ ಮುಂಗಾರಿಗೆ ಮೊದಲಿನ ಮಳೆಯ, ಗಾಳಿ ಹಾಗಲ್ಲ. ಮಧ್ಯಾಹ್ನದ ತನಕ ಬಿಸಿಲು ನೆಲವನ್ನು ಕಾಯಿಸುತ್ತದೆ. ಕಾದ ಗಾಳಿ ಮೇಲೇರಿ ದೊಡ್ಡ ಮೋಡ ಕಟ್ಟುತ್ತದೆ. ಮಳೆ ಸುರಿಯಲು ಶುರುವಾದಾಗ ತಣ್ಣಗಾದ ಭಾರದ ಗಾಳಿ ಮೋಡದಿಂದ ಕೆಳಗೆ ಕುಸಿಯುತ್ತದೆ. ನೆಲಕ್ಕೆ ಬಡಿದು ಸುತ್ತಲೂ ಹರಡುತ್ತದೆ. ಕೊಡ ನೀರನ್ನು ಅಂಗಳಕ್ಕೆ ಸುರಿದರೆ ಹರಡುತ್ತದಲ್ಲ, ಹಾಗೆ. ಒಂದು ಓಣಿಯ ಮನೆಗಳು ಹೋಗುತ್ತವೆ, ಪಕ್ಕದ ಓಣಿಗೆ ಏನೂ ಆಗುವುದಿಲ್ಲ. ಹತ್ತು ಹದಿನೈದು ನಿಮಿಷದಲ್ಲಿ ಎಲ್ಲ ಮುಗಿದಿರುತ್ತದೆ. ಇಂಥ ಗಾಳಿಗೆ ಆ ಹೊತ್ತಿನಲ್ಲಿ ಓಡಾಡಿ ಏನೂ ಮಾಡಲಾಗದು. ಏನು ಮಾಡುವುದಿದ್ದರೂ ಮೊದಲೇ ಮಾಡಿರಬೇಕು.

ಕರಾವಳಿಯ ಹಂಚಿನ ಮನೆ ನೋಡಿದ ಮೇಲೆ ನನಗೆ ಇನ್ನೊಂದು ವಿಷಯ ತಿಳಿಯಿತು. ಅಲ್ಲಿನ ಮಾಡು ಕಡಿದಾಗಿ ಇಳಿದಿರುತ್ತದೆ. ಮಳೆಗೆ ಅಂತ ಮಾಡಿದ್ದು, ಗಾಳಿಗೂ ಒಳ್ಳೆಯದಾಯಿತು. ಹತ್ತು ಡಿಗ್ರಿಯ ಆಸುಪಾಸು ಇಳಿಜಾರಿದ್ದರೆ ಗಾಳಿ ಎತ್ತುವುದು ಅತಿ ಜಾಸ್ತಿ, ಮೂವತ್ತು ಡಿಗ್ರಿಗೆ ಬಂದರೆ ಗಾಳಿಗೆ ಎದುರಾದ ಮಗ್ಗುಲಲ್ಲಿ ಎತ್ತುವುದು ಹೆಚ್ಚುಕಡಿಮೆ ಇಲ್ಲವಾಗುತ್ತದೆ ಅಂತ ಅದೇ ನಿಯಮದಲ್ಲಿದೆ. ನಮ್ಮ ಅಜ್ಜಂದಿರ ಮೇಲ್ಮುದ್ದೆ ಮನೆಯ ಮಾಡು ಸಪಾಟು, ಆದರೆ ಮಣ್ಣಿನ ಭಾರ ಎಷ್ಟಿತ್ತೆಂದರೆ ಗಾಳಿ ಅದನ್ನು ಮುಟ್ಟುತ್ತಿರಲಿಲ್ಲ. ನಾವು ಈಗ ಮಾಡಿದ್ದೇನು? ಸಪಾಟು ಮಾಡನ್ನು ಉಳಿಸಿಕೊಂಡು ಭಾರವನ್ನು ತೆಗೆದುಬಿಟ್ಟೆವು. ಅದರ ಬದಲಿಗೆ ಕಟ್ಟಬೇಕಿತ್ತು. ಕಟ್ಟಲಿಲ್ಲ. ಕಲ್ಲು ಹೇರಿದೆವು.

ಕಟ್ಟುವುದು ಅಂದರೆ ದೊಡ್ಡ ಕೆಲಸವೇನಲ್ಲ. ಆಯಿಯ ಮನೆಗೆ ನಾನು ಎರಡನೇ ಸಲ ಏನು ಮಾಡಿದೆ ಅಂತ ಹೇಳಿದರೆ ಸಾಕು.

ಮೊದಲು ಗೋಡೆ. ಪೈಪುಗಳು ಗೋಡೆಯ ಮೇಲೆ ಸುಮ್ನೆ ಕೂತಿದ್ದವು, ಸುತ್ತ ಒಂದಿಷ್ಟು ಸಿಮೆಂಟ್ ಮೆತ್ತಿದ್ದೆ. ಪತ್ರಾವನ್ನು ಪೈಪಿಗೆ ಎಷ್ಟೇ ಬಿಗಿದರೂ ಪೈಪೇ ಗೋಡೆಯಿಂದ ಎದ್ದು ಹೋದರೆ ಏನು ಬಂತು? ಇದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ, ಪೈಪು ಪತ್ರಾ ಕೂಡಿಯೇ ಹಾರಿರುತ್ತವೆ. ಹಾಗಾಗಿ ಪ್ರತಿ ಪೈಪಿನ ಎರಡೂ ತುದಿಗೆ ಕಬ್ಬಿಣದ ಪಟ್ಟಿ ಸುತ್ತಿ, ಗೋಡೆಯ ಮಗ್ಗುಲಿಗೆ ಮೂರು ಅಡಿ ಕೆಳಗೆ ತಂದು, ಗೋಡೆ ತೂರಿಸಿ ಬೋಲ್ಟ್ ಹಾಕಿದೆ. ಒಳಗೆ ಒಂದು ಪ್ಲೇಟು, ಹೊರಗೆ ಒಂದು ಪ್ಲೇಟು. ಈಗ ಗಾಳಿ ಪೈಪನ್ನು ಎತ್ತಬೇಕಾದರೆ ಮೂರು ಅಡಿ ಕಲ್ಲಿನ ಗೋಡೆಯನ್ನೂ ಜೊತೆಗೆ ಎತ್ತಬೇಕು. ಅದೇ ಫರಸಿ ಕಲ್ಲು, ಅದೇ ತೂಕ. ತಲೆಯ ಮೇಲೆ ಇದ್ದದ್ದು ಗೋಡೆಯಲ್ಲಿ ನಿಂತು ಕೆಲಸ ಮಾಡುತ್ತದೆ. ಹೊಸದಾಗಿ ಗೋಡೆ ಕಟ್ಟುವವರಾದರೆ ಇದಕ್ಕಿಂತ ಸುಲಭ. ಮೇಲಿನ ಮೂರು ನಾಲ್ಕು ವರಸೆ ಬಾಕಿ ಇರುವಾಗಲೇ ಸರಳು ಬಗ್ಗಿಸಿ ಹೂತು, ತುದಿ ಮೇಲೆ ಬಿಟ್ಟರಾಯಿತು. ಗೋಡೆಯ ನೆತ್ತಿಗೆ ಸುತ್ತಲೂ ಒಂದು ಕಾಂಕ್ರೀಟ್ ಪಟ್ಟಿ ಹಾಕಿದರೆ ಇನ್ನೂ ಗಟ್ಟಿ.

ಆಮೇಲೆ ಪತ್ರಾ. ಸ್ಕ್ರೂ ಬಿಟ್ಟು ಜೆ ಬೋಲ್ಟ್ ಹಾಕಿದೆ. ಪೈಪನ್ನು ಕೆಳಗಿನಿಂದ ಕೊಕ್ಕೆಯ ಹಾಗೆ ಹಿಡಿಯುತ್ತದೆ. ಮೇಲೆ ಅಗಲವಾದ ವಾಷರ್, ಅದರ ಕೆಳಗೆ ರಬ್ಬರ್. ವಾಷರ್ ಅಗಲ ಇದ್ದರೆ ಪತ್ರಾ ಹರಿಯುವುದಿಲ್ಲ. ನಾಲ್ಕೂ ಅಂಚಿನಲ್ಲಿ ಪತ್ರಾದ ಪ್ರತಿ ಉಬ್ಬಿಗೆ ಒಂದು, ನಡುವೆ ಒಂದು ಬಿಟ್ಟು ಒಂದು. ಒಟ್ಟು ಅರವತ್ತರ ಹತ್ತಿರ ಆಯಿತು. ಮುಂದಿನ ಮೂರು ಅಡಿ ಚಾಚನ್ನು ಕತ್ತರಿಸಿ ಒಂದೂವರೆ ಅಡಿಗೆ ಇಳಿಸಿದೆ. ಗಾಳಿ ಮೊದಲು ಬಾಯಿ ಹಾಕುವುದೇ ಆ ಚಾಚಿಗೆ. ಆಯಿಗೆ ನೆರಳು ಬೇಕಲ್ಲ, ಅದಕ್ಕೆ ಬೇರೆಯಾಗಿ ನಾಲ್ಕು ಕಂಬದ ಸಣ್ಣ ಚಪ್ಪರ ಮಾಡಿಕೊಟ್ಟೆ. ಅದು ಹಾರಿದರೂ ಮನೆಯ ಮಾಡನ್ನು ಎಳೆದುಕೊಂಡು ಹೋಗುವುದಿಲ್ಲ. ಕೊನೆಗೆ ಗೋಡೆಯ ನೆತ್ತಿಗೂ ಪತ್ರಾಕ್ಕೂ ನಡುವೆ ಇದ್ದ ಸಂದನ್ನು ಇಟ್ಟಿಗೆ ಇಟ್ಟು ಮುಚ್ಚಿದೆ. ಹೊಗೆ ಹೋಗಲಿಕ್ಕೆ ಅಂತ ಒಲೆಯ ಮೂಲೆಯಲ್ಲಿ ಒಂದು ಗೇಣು ಬಿಟ್ಟೆ.

ಬೋಲ್ಟು, ಪಟ್ಟಿ, ವಾಷರ್, ಒಂದು ದಿನದ ಕೂಲಿ ಎಲ್ಲ ಸೇರಿ ನನ್ನ ಅಂಗಡಿಯ ಲೆಕ್ಕದಲ್ಲಿ ಎರಡೂವರೆ ಸಾವಿರ ರೂಪಾಯಿ ಸುಮಾರು. ಪತ್ರಾದ ಬೆಲೆ ಬಿಟ್ಟು. ಆ ಮೇಲೆ ಎಷ್ಟೋ ಗಾಳಿ ಬಂದು ಹೋಗಿವೆ. ಆಯಿಯ ಮನೆಯ ಮೇಲೆ ಈಗ ಒಂದು ಕಲ್ಲೂ ಇಲ್ಲ.

ಸಾಹೇಬರೇ, ಈಗ ನಿಮ್ಮ ಲೆಕ್ಕಕ್ಕೆ ಬರುತ್ತೇನೆ.

ವಿಪತ್ತು ಪರಿಹಾರದ 2022ರಿಂದ 2026ರವರೆಗಿನ ಕೇಂದ್ರದ ಮಾರ್ಗಸೂಚಿಯಲ್ಲಿ ಮನೆ ಪೂರ್ತಿ ಹೋದರೆ ಬಯಲು ಸೀಮೆಗೆ 1,20,000 ರೂಪಾಯಿ ಅಂತ ಬರೆದಿದ್ದರು. ಸ್ವಲ್ಪ ಹಾನಿಯಾದರೆ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. ಅದೂ ಶೇ. 15ರಷ್ಟಾದರೂ ಹಾನಿಯಾಗಿರಬೇಕು. ಗುಡಿಸಲಿಗೆ 8,000, ಕೊಟ್ಟಿಗೆಗೆ 3,000. ಜೀವ ಹೋದರೆ 4 ಲಕ್ಷ. ಗಾಳಿ ಬಂದ ಮರುದಿನ ಗ್ರಾಮ ಆಡಳಿತ ಅಧಿಕಾರಿ ಬರುತ್ತಾರೆ, ಫೋಟೊ ತೆಗೆಯುತ್ತಾರೆ, ಪಂಚನಾಮೆ ಬರೆಯುತ್ತಾರೆ. ಗೋಡೆ ನಿಂತಿದೆ, ಪತ್ರಾ ಮಾತ್ರ ಹೋಗಿದೆ, ಇದು ಶೇ. 15 ಆಯಿತೋ ಇಲ್ಲವೋ ಅಂತ ಮಾತು ನಡೆಯುತ್ತದೆ. ಯಾರ ಮೇಲೂ ನನಗೆ ಸಿಟ್ಟಿಲ್ಲ, ಅವರು ಬರುವುದು ಎಲ್ಲ ಆದ ಮೇಲೆ, ಅಷ್ಟೇ. ಪರಿಹಾರದ ದುಡ್ಡಿನಲ್ಲಿ ಜನ ಮತ್ತೆ ಪತ್ರಾ ತರುತ್ತಾರೆ. ಮತ್ತೆ ಹದಿನಾರು ಸ್ಕ್ರೂ ಹೊಡೆಸುತ್ತಾರೆ. ಮತ್ತೆ ಕಲ್ಲು ಹೇರುತ್ತಾರೆ.

ಗಾಳಿ ಬರುವ ಮೊದಲೇ ಖರ್ಚು ಮಾಡಲಿಕ್ಕೆ ದುಡ್ಡು ಇಲ್ಲವೇ? ಇದೆ. 15ನೇ ಹಣಕಾಸು ಆಯೋಗ ರಾಜ್ಯಗಳ ವಿಪತ್ತು ನಿಧಿಯನ್ನು ಎರಡು ಭಾಗ ಮಾಡಲು ಹೇಳಿತು. ಶೇ. 80 ಪರಿಹಾರಕ್ಕೆ, ಶೇ. 20 ಹಾನಿ ಆಗದ ಹಾಗೆ ತಡೆಯುವ ಕೆಲಸಕ್ಕೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲೆಯ ಪ್ರಾಧಿಕಾರಕ್ಕೆ ಅಧ್ಯಕ್ಷರು ನೀವೇ. ನಮ್ಮ ಭಾಗಕ್ಕೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯೂ ಇದೆ. ರಸ್ತೆ, ಕಟ್ಟಡ ಆಗಲಿ, ಬೇಡ ಅನ್ನುವುದಿಲ್ಲ. ಪ್ರತಿ ಹಳ್ಳಿಯಲ್ಲಿ ವಯಸ್ಸಾದವರು, ಒಂಟಿ ಹೆಣ್ಣುಮಕ್ಕಳು, ಸಣ್ಣ ಕೂಸು ಇರುವ ಪತ್ರಾ ಮನೆಗಳನ್ನು ಮೊದಲು ಗುರುತಿಸಿ. ಆ ಮನೆಗಳಿಗೆ ಬೋಲ್ಟು, ಪಟ್ಟಿ, ಕೂಲಿ ಕೊಡಿ. ಗೋಡೆಗೆ ಕಟ್ಟಿಸಿ, ಕಲ್ಲು ಇಳಿಸಿ. ನಾನು ಕೇಳುವುದರಲ್ಲಿ ದೊಡ್ಡದು ಇದೇ.

ಎರಡನೆಯದಕ್ಕೆ ದುಡ್ಡೇ ಬೇಡ. ಬಸವ ವಸತಿ, ಅಂಬೇಡ್ಕರ್ ನಿವಾಸ, ಪ್ರಧಾನಮಂತ್ರಿ ಆವಾಸ್ ಹೀಗೆ ಯಾವ ಯೋಜನೆಯ ಮನೆಯಾದರೂ ಕಂತು ಬರುವುದು ಫೋಟೊ ನೋಡಿ. ಪಾಯದ ಫೋಟೊ, ಲಿಂಟಲ್ ಫೋಟೊ, ಛಾವಣಿ ಫೋಟೊ, ಕೊನೆಗೆ ಮುಗಿದ ಮನೆಯ ಫೋಟೊ. ಪತ್ರಾ ಹಾಕಿದ ಮನೆಯಾದರೆ ಛಾವಣಿಯ ಹೊತ್ತಿಗೆ ಇನ್ನೊಂದು ಫೋಟೊ ಕೇಳಿ. ಪೈಪನ್ನು ಗೋಡೆಗೆ ಹೇಗೆ ಹಿಡಿಸಿದ್ದಾರೆ, ಅಂಚಿನಲ್ಲಿ ಎಷ್ಟು ಬೋಲ್ಟು ಬಿದ್ದಿದೆ, ಹತ್ತಿರದಿಂದ ತೆಗೆದದ್ದು. ಕಂತು ನಿಂತೀತು ಅಂದರೆ ಮನೆಯವರು ನಮಗೆ ತಾವೇ ಹೇಳುತ್ತಾರೆ, "ಬೋಲ್ಟ್ ಸರಿಯಾಗಿ ಹಾಕು" ಅಂತ. ನರೇಗಾದಲ್ಲಿ ಕಟ್ಟಿದ ದನದ ಕೊಟ್ಟಿಗೆಗಳಿಗೂ ಇದೇ ಆಗಲಿ. ಕೊಟ್ಟಿಗೆಯ ಪತ್ರಾ ಹಾರಿ ಬೀಳುವುದು ಪಕ್ಕದ ಮನೆಯ ಮೇಲೆಯೇ. ಕೊಟ್ಟಿಗೆಯ ಕಂಬಗಳನ್ನಂತೂ ನಾವು ಒಂದು ಅಡಿ ಗುಂಡಿಯಲ್ಲಿ ನಿಲ್ಲಿಸಿ, ಕಲ್ಲು ಮಣ್ಣು ತುಂಬಿ ಬಿಡುತ್ತೇವೆ. ಎರಡು ಅಡಿ ಕಾಂಕ್ರೀಟ್ ಇಲ್ಲದ ಕಂಬವನ್ನು ಗಾಳಿ ಗೂಟ ಕಿತ್ತ ಹಾಗೆ ಕೀಳುತ್ತದೆ.

ನಮ್ಮಂಥವರಿಗೆ ಯಾರೂ ಕಲಿಸಿಲ್ಲ. ವೆಲ್ಡಿಂಗ್ ನಾವು ಕಲಿತದ್ದು ಇನ್ನೊಬ್ಬರ ಅಂಗಡಿಯಲ್ಲಿ ಕೂತು. ಬೆಸುಗೆ ಹೇಗೆ ಹಾಕಬೇಕು ಅಂತ ಗೊತ್ತು, ಗಾಳಿ ಹೇಗೆ ಎತ್ತುತ್ತದೆ ಅಂತ ಗೊತ್ತಿಲ್ಲ. ತಾಲ್ಲೂಕಿನ ಸರ್ಕಾರಿ ಐಟಿಐಗಳಲ್ಲಿ ವೆಲ್ಡರ್ ಕಲಿಸುವ ಜಾಗ ಇದೆ, ಕಲಿಸುವವರಿದ್ದಾರೆ. ಏಪ್ರಿಲ್‌ಗೆ ಮೊದಲು ಒಂದು ದಿನ ಸುತ್ತಲಿನ ಫ್ಯಾಬ್ರಿಕೇಶನ್‌ನವರನ್ನು ಕರೆಯಿರಿ. ಒಂದು ಗೋಡೆ, ಎರಡು ಪೈಪು, ಒಂದು ಪತ್ರಾ ಇಟ್ಟುಕೊಂಡು ತೋರಿಸಿ. ದಿನದ ಕೂಲಿ ಕೊಟ್ಟರೆ ಎಲ್ಲರೂ ಬರುತ್ತಾರೆ. ಕೊಡದಿದ್ದರೂ ನಾನು ಬರುತ್ತೇನೆ.

ನನ್ನ ಕಸುಬಿನ ಅಣ್ಣತಮ್ಮಂದಿರೇ, ನಿಮಗೂ ಒಂದು ಮಾತು. ಗಿರಾಕಿ ಸ್ಕ್ರೂ ಸಾಕು ಅಂದರೆ ನಾವು ಸಾಕು ಅನ್ನುವುದು ಬೇಡ. ಎರಡು ಸಾವಿರ ಜಾಸ್ತಿ ಹೇಳಿದರೆ ಕೆಲಸ ಇನ್ನೊಬ್ಬನಿಗೆ ಹೋಗುತ್ತದೆ ಅನ್ನುವ ಕಷ್ಟ ನನಗೂ ಗೊತ್ತು. ಅದಕ್ಕೇ ಎಲ್ಲರೂ ಒಂದೇ ಮಾತು ಹೇಳೋಣ. ಗೋಡೆಗೆ ಕಟ್ಟದೆ ಪತ್ರಾ ಹೊಡೆಯುವುದಿಲ್ಲ ಅಂತ. ಹಳೆಯ ಕೆಲಸಗಳನ್ನು ಒಮ್ಮೆ ಹತ್ತಿ ನೋಡಿ. ವಾಷರ್ ಪುಡಿಯಾಗಿದ್ದರೆ, ಬೋಲ್ಟ್ ತುಕ್ಕು ಹಿಡಿದಿದ್ದರೆ ಬದಲಿಸಿ ಕೊಡಿ. ತೊಟ್ಟಿಲಿನ ಹಗ್ಗವನ್ನು ಮಾಡಿನ ಪೈಪಿಗೆ ಕಟ್ಟಿದ್ದು ಕಂಡರೆ ದಯವಿಟ್ಟು ಬಿಚ್ಚಿಸಿ, ಬೇರೆ ಕಂಬ ನಿಲ್ಲಿಸಿ ಕೊಡಿ. ಪೈಪು ಎದ್ದರೆ ಕೂಸೂ ಅದರ ಜೊತೆ ಹೋಗುತ್ತದೆ.

ಇನ್ನು ಪತ್ರಾ ಮನೆಯಲ್ಲಿರುವ ಅಕ್ಕಂದಿರು, ಅಣ್ಣಂದಿರು, ನಮ್ಮ ಎಲ್ಲ ಆಯಿಗಳಿಗೆ. ಸರ್ಕಾರ ಮಾಡುವ ತನಕ ಕಾಯಬೇಡಿ. ಈ ವರ್ಷ ಬೋಲ್ಟ್ ಹಾಕಿಸಲು ಕೈ ನಡೆಯದಿದ್ದರೂ ಕಲ್ಲನ್ನಂತೂ ಇಳಿಸಿ. ಹಾಗೇ ಬಿಡಬಾರದು ಅನ್ನುವುದಾದರೆ ಎರಡು ಗೊಬ್ಬರದ ಚೀಲದಲ್ಲಿ ಅರ್ಧ ಅರ್ಧ ಮರಳು ತುಂಬಿ, ಬಾಯಿ ಹೊಲಿದು, ಒಂದಕ್ಕೊಂದು ಹಗ್ಗದಿಂದ ಜೋಡಿಸಿ. ಎತ್ತಿನ ಬೆನ್ನ ಮೇಲೆ ಹೇರು ಹಾಕಿದ ಹಾಗೆ ನಡು ಮಾಡಿನ ಎರಡೂ ಕಡೆ ಇಳಿಬಿಡಿ. ಮೇಲಿಂದ ದಪ್ಪ ಹಗ್ಗ ಹಾಯಿಸಿ ಎರಡೂ ಬದಿ ನೆಲಕ್ಕೆ ಗಟ್ಟಿ ಗೂಟ ಹೊಡೆದು ಕಟ್ಟಿ. ಇದು ಬೋಲ್ಟಿಗೆ ಸಮವಲ್ಲ. ಆದರೂ ಬಿಡಿ ಕಲ್ಲಿಗಿಂತ ಎಷ್ಟೋ ವಾಸಿ. 

ಗಾಳಿ ಬಂದ ಕೂಡಲೇ ಬಾಗಿಲು ತೆರೆದಿಡಬೇಕು, ಗಾಳಿ ಆರಪಾರ ಹೋಗಲಿ ಅಂತ ಕೆಲವರು ಹೇಳುತ್ತಾರೆ. ತಪ್ಪು. ಗಾಳಿ ಬರುವ ಕಡೆಯ ಬಾಗಿಲು, ಕಿಟಕಿ ಮೊದಲು ಮುಚ್ಚಿ, ಅಗುಳಿ ಹಾಕಿ. ಪತ್ರಾವನ್ನು ಒಳಗಿನಿಂದ ಹಿಡಿದುಕೊಂಡು ನಿಲ್ಲಬೇಡಿ. ಗಂಡಸರು ಪೈಪಿಗೆ ಜೋತು ಬೀಳುವುದನ್ನು ನಾನು ನೋಡಿದ್ದೇನೆ. ನೂರು ಕೆಜಿಯ ಲೆಕ್ಕ ಒಂದು ಪತ್ರಾಕ್ಕೆ, ಮನೆ ಮೇಲೆ ಏಳೆಂಟು ಇರುತ್ತವೆ. ಮೋಡ ಕಪ್ಪಾಯಿತು, ಧೂಳು ಕಾಣಿಸಿತು ಅಂದರೆ ಮಕ್ಕಳನ್ನು ಕರೆದುಕೊಂಡು ಆರ್‌ಸಿಸಿ ಇರುವ ಪಕ್ಕದ ಮನೆಗೋ ಶಾಲೆಗೋ ನಡೆಯಿರಿ. ಮರದ ಕೆಳಗೆ ಬೇಡ. ಪಂಚಾಯಿತಿಯವರಲ್ಲಿ ಇಲ್ಲೊಂದು ಕೇಳಿಕೆ. ಏಪ್ರಿಲ್, ಮೇ ತಿಂಗಳು ಶಾಲೆಗೆ ರಜೆ. ಕೋಣೆಗೆ ಬೀಗ. ಸಂಜೆ ಹೊತ್ತು ಒಂದು ಕೋಣೆಯ ಬೀಗದ ಕೈ ಹತ್ತಿರದ ಮನೆಯಲ್ಲಿ ಇರುವ ಹಾಗೆ ಮಾಡಿ. ಮೊಬೈಲಿಗೆ ಹವಾಮಾನ ಎಚ್ಚರಿಕೆ ಬಂದಾಗ ಡಂಗುರ ಸಾರಿಸಿ, ಗುಡಿಯ ಮೈಕಿನಲ್ಲಿ ಹೇಳಿಸಿ. ಆಯಿಯ ಹತ್ತಿರ ಮೊಬೈಲ್ ಇಲ್ಲ. ಇದ್ದರೂ ಅಕ್ಷರ ಓದಲು ಬರುವುದಿಲ್ಲ.

ಗಾಳಿ ನಿಂತ ಮೇಲೆ ಬಿದ್ದ ಪತ್ರಾವನ್ನು ಓಡಿ ಹೋಗಿ ಎತ್ತಬೇಡಿ. ನಮ್ಮ ಪತ್ರಾ ಮನೆಗಳಿಗೆ ಕರೆಂಟಿನ ವೈರು ಬರುವುದು ಮಾಡಿಗೆ ತಾಗಿಕೊಂಡೇ. ವೈರು ಹರಿದು ತಗಡಿನ ಮೇಲೆ ಬಿದ್ದಿದ್ದರೆ ಕಣ್ಣಿಗೆ ಕಾಣುವುದಿಲ್ಲ. ಲೈನ್‌ಮನ್ ಬಂದು ಕರೆಂಟ್ ತೆಗೆದಿದ್ದೇನೆ ಅನ್ನುವ ತನಕ ಮಕ್ಕಳನ್ನು ದೂರ ಇಡಿ.

ಮಾನ್ಯರೇ, ನಾನು ಹೇಳಿದ್ದು ಸರಿಯೋ ತಪ್ಪೋ ಅಂತ ನೋಡಲು ನಿಮ್ಮ ಒಬ್ಬ ಎಂಜಿನಿಯರನ್ನು ಕಳಿಸಿ. ಆಯಿಯ ಮನೆ ತೋರಿಸುತ್ತೇನೆ. ಇನ್ನೂ ಗಟ್ಟಿ ಮಾಡುವ ದಾರಿ ಅವರಿಗೆ ಗೊತ್ತಿದ್ದರೆ ಕಲಿಯುತ್ತೇನೆ. ನನ್ನ ಅಂಗಡಿಯ ಮುಂದೆ ಆಳೆತ್ತರದ ಒಂದು ಗೋಡೆ ಕಟ್ಟಿ, ಪೈಪು, ಪಟ್ಟಿ, ಪತ್ರಾ ಎಲ್ಲ ಜೋಡಿಸಿ ಇಟ್ಟಿದ್ದೇನೆ. ಬಂದವರು ಅಲುಗಾಡಿಸಿ ನೋಡಬಹುದು. 2016ಕ್ಕೆ ಮೊದಲೂ ಆಮೇಲೂ ನಾನೇ ಹೊಡೆದುಕೊಟ್ಟ ಮನೆಗಳ ಪಟ್ಟಿ ಮಾಡಿದ್ದೇನೆ. ನಾಲ್ಕು ಊರು ಸೇರಿ ನಲವತ್ತೊಂದು ಮನೆ. ಯುಗಾದಿಯ ತನಕ ಒಂಬತ್ತು ಮನೆ ಮುಗಿಸುತ್ತೇನೆ, ಕೂಲಿ ಇಲ್ಲದೆ. ಉಳಿದ ಮೂವತ್ತೆರಡು ಮನೆಗೆ ಬೋಲ್ಟು, ಪಟ್ಟಿ ಸಿಕ್ಕರೆ ಭರಣಿಯ ಒಳಗೆ ಮುಗಿಸಬಹುದು.

ಇತಿ ನಿಮ್ಮ ವಿಶ್ವಾಸಿ,
ಕಲಬುರಗಿ ಜಿಲ್ಲೆಯ ಒಬ್ಬ ವೆಲ್ಡಿಂಗ್ ಕೆಲಸಗಾರ